ಹೆಸರೂ ಮುಖವೂ: ಉತಾಮಾರೊನ ಸ್ತ್ರೀಚಿತ್ರಗಳನ್ನು ಕುರಿತು

ಜಪಾನಿನ ಮರದಚ್ಚಿನ ಚಿತ್ರಗಳೆಂದೊಡನೆ ವಾಚಕರಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವುದು ಹೊಕುಸಾಯಿಯ ಹೆದ್ದೆರೆ ಮತ್ತು ಅದರ ಮಡಿಲಲ್ಲಿ ಕಿರಿದಾಗಿ ಕಾಣುವ ಫ್ಯೂಜಿ ಪರ್ವತ. ಆ ಚಿತ್ರ ಅಚ್ಚಾದದ್ದು 1831ರ ಸುಮಾರಿಗೆ. ಬೆಟ್ಟ, ನದಿ, ಹಾದಿಗಳ ಚಿತ್ರಗಳು ಈ ಕಲೆಯಲ್ಲಿ ಪ್ರಾಧಾನ್ಯ ಪಡೆದದ್ದು ಅಷ್ಟು ತಡವಾಗಿ. ಅದಕ್ಕೂ ಹಿಂದೆ ನೂರೈವತ್ತು ವರ್ಷಗಳ ಕಾಲ ಎಡೊ ನಗರದ, ಎಂದರೆ ಇಂದಿನ ಟೋಕಿಯೋದ, ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಅಚ್ಚುಚಿತ್ರಗಳಲ್ಲಿ ಬಹುಪಾಲು ಎರಡೇ ಬಗೆಯವು: ನಾಟಕದ ನಟರ ಚಿತ್ರಗಳು ಮತ್ತು ಸುಂದರಿಯರ ಚಿತ್ರಗಳು. ಈ ಎರಡನೆಯ ಬಗೆಗೆ ಜಪಾನೀಯರು ಇಟ್ಟ ಹೆಸರು ‘ಬಿಜಿನ್-ಗ’. ಅದರ ಅತ್ಯುನ್ನತ ಪ್ರತಿನಿಧಿಯೆಂದು ಲೋಕವು ಒಪ್ಪಿರುವ ಕಿತಾಗಾವ ಉತಾಮಾರೊ 1806ರಲ್ಲಿ ತೀರಿಕೊಂಡನು. ಅವನ ಚಿತ್ರಗಳ ಮುಂದೆ ನಿಂತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ. ಇಷ್ಟು ಸೊಗಸಾಗಿ ಚಿತ್ರಿತಳಾದ ಈಕೆ ಯಾರು? ಆಕೆಗೆ ತನ್ನದೆಂಬ ಹೆಸರು ಇದ್ದಿತೆ?

ಪ್ರಶ್ನೆ ಸರಳವಾಗಿ ಕಾಣಬಹುದು. ಆದರೆ ಉತ್ತರ ಹುಡುಕಹೊರಟವನು ಮೊದಲು ಒಂದು ಕಟುಸತ್ಯವನ್ನು ಎದುರಿಸಬೇಕಾಗುತ್ತದೆ. ಈ ಚಿತ್ರಗಳಲ್ಲಿ ಕಾಣುವ ಸ್ತ್ರೀಯರಲ್ಲಿ ಬಹುಮಂದಿ ಎಡೊ ನಗರದ ಯೋಶಿವಾರ ಎಂಬ ಕೇರಿಯ ವೇಶ್ಯೆಯರು. ಕಲೆಯ ಪುಸ್ತಕಗಳು ಈ ಮಾತನ್ನು ‘ಗಣಿಕೆ’, ‘ವಿಲಾಸಿನಿ’ ಮೊದಲಾದ ಮೃದುವಾದ ಶಬ್ದಗಳ ಹಿಂದೆ ಅಡಗಿಸಿಬಿಡುತ್ತವೆ. ನಾವು ಹಾಗೆ ಮಾಡಬೇಕಾಗಿಲ್ಲ. ಸರ್ಕಾರದ ಅನುಮತಿಯಿಂದ 1617ರ ಸುಮಾರಿಗೆ ಸ್ಥಾಪಿತವಾದ ಈ ಕೇರಿಯು 1657ರ ಮಹಾ ಅಗ್ನಿ ಅನಾಹುತದ ನಂತರ ಊರ ಹೊರಗೆ, ಅಸಾಕುಸ ಎಂಬ ಭಾಗದ ಉತ್ತರಕ್ಕೆ ಸ್ಥಳಾಂತರಗೊಂಡಿತು. ಸುತ್ತಲೂ ಕಂದಕ, ಒಳಹೋಗಿ ಬರಲು ಒಂದೇ ಮಹಾದ್ವಾರ. ಬಡ ತಂದೆತಾಯಿಗಳು ಮುಂಗಡ ಹಣಕ್ಕಾಗಿ ಎಳೆಯ ಹೆಣ್ಣುಮಕ್ಕಳನ್ನು ಇಲ್ಲಿಗೆ ಒಪ್ಪಿಸುತ್ತಿದ್ದರು. ಕರಾರಿನ ಅವಧಿ ಸಾಮಾನ್ಯವಾಗಿ ಹತ್ತು ವರ್ಷ. ಆದರೆ ಉಡುಗೆ, ಹಾಸಿಗೆ, ಬಾಚಣಿಗೆಗಳ ವೆಚ್ಚವೆಲ್ಲ ಆಕೆಯ ಲೆಕ್ಕಕ್ಕೇ ಸೇರುತ್ತಿದ್ದುದರಿಂದ ಸಾಲ ತೀರುವುದು ಸುಲಭವಾಗಿರಲಿಲ್ಲ. ದಿಕ್ಕಿಲ್ಲದೆ ಸತ್ತವರ ದೇಹಗಳನ್ನು ಸಮೀಪದ ಜೋಕಾನ್‌ಜಿ ಎಂಬ ಬೌದ್ಧ ದೇವಾಲಯದಲ್ಲಿ ಹೂಳುತ್ತಿದ್ದರು. ಜನರು ಅದಕ್ಕೆ ಕೊಟ್ಟ ಅಡ್ಡಹೆಸರು ‘ಎಸೆದುಹೋಗುವ ಗುಡಿ’. ಅಲ್ಲಿ ಮಣ್ಣಾದವರ ಸಂಖ್ಯೆ ಸುಮಾರು 25,000 ಎಂದು ಹೇಳುವುದುಂಟು. 1872ರಲ್ಲಿ ಬಿಡುಗಡೆಯ ಆಜ್ಞೆಯೊಂದು ಹೊರಟರೂ ವ್ಯವಹಾರ ಬೇರೆ ಹೆಸರಿನಲ್ಲಿ ಮುಂದುವರಿಯಿತು. 1956ರ ಕಾಯಿದೆ 1958ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಮೇಲೆಯೇ ಅನುಮತಿ ಪಡೆದ ಕೇರಿಯಾಗಿ ಯೋಶಿವಾರ ಮುಚ್ಚಿತು.

ಹೀಗಿರುವಾಗ ಇವನ್ನು ಕಲೆಯೆಂದು ನೋಡುವುದೇ ತಪ್ಪಲ್ಲವೆ ಎಂದು ವಾಚಕರು ಕೇಳಬಹುದು. ನೋಡದೆ ಬಿಡುವುದರಿಂದ ಆ ಸ್ತ್ರೀಯರಿಗೆ ಯಾವ ನ್ಯಾಯವೂ ದೊರೆಯದು. ಮರುಳಾಗಿ ನೋಡುವುದರಿಂದಲೂ ದೊರೆಯದು. ವಿವರವನ್ನು ಬಿಡದೆ ನೋಡಬೇಕು, ಅಷ್ಟೆ.

ಈ ಚಿತ್ರಪ್ರಕಾರಕ್ಕೆಲ್ಲ ಇರುವ ಒಟ್ಟು ಹೆಸರು ‘ಉಕಿಯೊ-ಎ’. ಅದರಲ್ಲಿರುವ ‘ಉಕಿಯೊ’ ಎಂಬ ಶಬ್ದದ ಕಥೆ ನಮ್ಮ ವಾಚಕರಿಗೆ ವಿಶೇಷವಾಗಿ ರುಚಿಸೀತು. ಮೊದಲು ಇದು ಬೌದ್ಧರ ಪರಿಭಾಷೆ. ‘ದುಃಖಮಯವಾದ ಈ ಲೋಕ’ ಎಂಬುದು ಅದರ ಅರ್ಥ; ಸಂಸಾರದ ಅನಿತ್ಯತೆಯನ್ನು ಕಂಡು ನಿಟ್ಟುಸಿರಿಡುವಾಗ ಬಳಸುತ್ತಿದ್ದ ಮಾತು. ಹದಿನೇಳನೆಯ ಶತಮಾನದಲ್ಲಿ ಪಟ್ಟಣದ ವರ್ತಕರು ಅದೇ ಉಚ್ಚಾರಣೆಯನ್ನು ಉಳಿಸಿಕೊಂಡು, ಬರೆಯುವ ಅಕ್ಷರವನ್ನು ಮಾತ್ರ ಬದಲಿಸಿದರು. ‘ದುಃಖ’ದ ಜಾಗದಲ್ಲಿ ‘ತೇಲುವುದು’ ಬಂದು ಕುಳಿತಿತು. ಲೋಕ ಅನಿತ್ಯ, ಆದುದರಿಂದ ವಿರಕ್ತನಾಗು ಎಂಬ ಬೋಧೆಯು, ಲೋಕ ಅನಿತ್ಯ, ಆದುದರಿಂದ ಇಂದೇ ಅನುಭವಿಸು ಎಂದು ತಲೆಕೆಳಗಾಯಿತು. ಕಿವಿಗೆ ಎರಡೂ ಒಂದೇ. ಉತಾಮಾರೊನ ಒಳ್ಳೆಯ ಚಿತ್ರಗಳಲ್ಲಿ ಹಳೆಯ ಅರ್ಥವು ಹೊಸದರ ಒಳಗಿನಿಂದ ಮತ್ತೆ ಇಣುಕುತ್ತದೆ ಎಂದು ನನಗೆ ತೋರುತ್ತದೆ.

ಈ ಚಿತ್ರಗಳು ಒಬ್ಬನ ಕೈಯಿಂದ ಆದವುಗಳಲ್ಲ. ಚಿತ್ರಕಾರನು ತೆಳುಕಾಗದದ ಮೇಲೆ ರೇಖೆಗಳನ್ನಷ್ಟೇ ಬರೆದುಕೊಡುವನು. ಕೆತ್ತನೆಗಾರನು ಆ ಕಾಗದವನ್ನು ಮಗುಚಿ ಕಾಡು ಚೆರಿಮರದ ಹಲಗೆಗೆ ಅಂಟಿಸಿ, ರೇಖೆಯನ್ನು ಉಳಿಸಿ ಉಳಿದುದನ್ನು ತೆಗೆಯುವನು. ಬಣ್ಣಕ್ಕೊಂದರಂತೆ ಬೇರೆ ಬೇರೆ ಹಲಗೆ. ಮುದ್ರಕನು ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಕೊಜೊ ಗಿಡದ ನಾರಿನ ಕಾಗದವನ್ನು ಪ್ರತಿಯೊಂದು ಹಲಗೆಯ ಮೇಲೂ ಕ್ರಮವಾಗಿ ಹಾಸಿ, ಬಿದಿರಿನ ಪೊರೆ ಸುತ್ತಿದ ದುಂಡುಬಿಲ್ಲೆಯಿಂದ ಹಿಂಬದಿಯನ್ನು ಉಜ್ಜುವನು. ಹಲಗೆಯ ಮೂಲೆಯಲ್ಲೂ ಅಂಚಿನಲ್ಲೂ ಕೊರೆದ ಎರಡು ಗುರುತುಗಳ ಸಹಾಯದಿಂದ ಬಣ್ಣವು ರೇಖೆಯೊಳಗೇ ಕೂರುತ್ತದೆ. ಬಹುವರ್ಣದ ಈ ಮುದ್ರಣವು 1765ರಲ್ಲಿ ಸುಜುಕಿ ಹರುನೊಬುವಿನ ಕಾಲಕ್ಕೆ ಪೂರ್ಣರೂಪ ತಾಳಿತು. ಇದೆಲ್ಲಕ್ಕೂ ಹಣ ಹೂಡುವವನು ಪ್ರಕಾಶಕ. ಉತಾಮಾರೊನನ್ನು ಬೆಳಕಿಗೆ ತಂದ ತ್ಸುತಾಯ ಜೂಜಾಬುರೊ ಯೋಶಿವಾರದಲ್ಲೇ ಹುಟ್ಟಿದವನು. ಅದರ ಮಹಾದ್ವಾರದ ಬಳಿ ಪುಸ್ತಕದಂಗಡಿ ಇಟ್ಟು, ಯಾವ ಮನೆಯಲ್ಲಿ ಯಾವ ಹೆಣ್ಣು ಎಂದು ತಿಳಿಸುವ ಕೈಪಿಡಿಗಳನ್ನು ಮಾರಿ ಮೇಲೆ ಬಂದವನು. ಈ ಹಿನ್ನೆಲೆಯನ್ನು ಮರೆತರೆ ಚಿತ್ರಗಳ ಅರ್ಧ ಅರ್ಥವೇ ತಪ್ಪಿಹೋಗುತ್ತದೆ. ಅವುಗಳಲ್ಲಿ ಅನೇಕವು ಜಾಹೀರಾತುಗಳು.

ಕೆತ್ತನೆಗಾರನ ಕೌಶಲವನ್ನು ನೋಡಬೇಕೆಂದಿದ್ದರೆ ಮುಖವನ್ನು ಬಿಟ್ಟು ಹಣೆಯ ಅಂಚಿಗೆ ಹೋಗಬೇಕು. ಕೂದಲು ಚರ್ಮದಿಂದ ಹೊರಡುವ ಆ ಸೀಮಾರೇಖೆಯಲ್ಲಿ ಪ್ರತಿಯೊಂದು ಎಳೆಯನ್ನೂ ಬೇರೆಬೇರೆಯಾಗಿ ಮರದಲ್ಲಿ ಉಳಿಸಲಾಗಿದೆ. ಚಿತ್ರಕಾರನು ಇಷ್ಟನ್ನು ಬರೆದುಕೊಡುತ್ತಿರಲಿಲ್ಲ. ಸ್ಥೂಲವಾಗಿ ಸೂಚಿಸಿ ಬಿಡುತ್ತಿದ್ದನು. ಹಾಳೆಯ ಮೇಲೆ ಉತಾಮಾರೊನ ಹೆಸರಿದೆ, ತ್ಸುತಾಯನ ಮುದ್ರೆಯಿದೆ. ಆ ಕೂದಲನ್ನು ಕೊರೆದವನ ಹೆಸರು ಸಾಮಾನ್ಯವಾಗಿ ಇಲ್ಲ.

ಇನ್ನು ಮುಖಕ್ಕೆ ಬರೋಣ. ಈ ಚಿತ್ರಗಳನ್ನು ಮೊದಲ ಸಲ ನೋಡಿದವರು ಹೇಳುವ ಆಕ್ಷೇಪ ಒಂದೇ: ಎಲ್ಲರ ಮುಖವೂ ಒಂದೇ ತೆರನಾಗಿದೆ. ಉದ್ದನೆಯ ಅಂಡಾಕಾರ, ಒಂದೇ ಎಳೆತದ ಮೂಗು, ಸೀಳಿದಂತಹ ಕಣ್ಣು, ಕುಂಕುಮದ ಬೊಟ್ಟಿನಷ್ಟು ಬಾಯಿ. ನೆರಳು-ಬೆಳಕಿನ ಛಾಯೆ ಇಲ್ಲವೇ ಇಲ್ಲ. ಹರುನೊಬುವಿನ ವಿಷಯದಲ್ಲಿ ಈ ಆಕ್ಷೇಪ ಬಹುಮಟ್ಟಿಗೆ ಸರಿ. ಅವನ ಸ್ತ್ರೀಯರೆಲ್ಲ ಎಳೆಯ ಹುಡುಗಿಯರಂತೆ; ತಾಯಿ, ಮಗಳು, ದೇವಾಲಯದ ಬಳಿಯ ಚಹದಂಗಡಿಯ ಒಸೆನ್, ಎಲ್ಲರೂ ಒಂದೇ ಬೊಂಬೆಯ ಪ್ರತಿಗಳು. ಕಿಯೊನಾಗನು ಅವರನ್ನು ಎತ್ತರವಾಗಿಸಿ ಹೊಳೆಯ ದಂಡೆಯ ಗಾಳಿಗೆ ತಂದು ನಿಲ್ಲಿಸಿದನೇ ಹೊರತು ಮುಖವನ್ನು ಬಿಡಿಸಿ ನೋಡಲಿಲ್ಲ. ಉತಾಮಾರೊ ಮಾಡಿದ ಹೊಸ ಕೆಲಸವೆಂದರೆ ಹತ್ತಿರಕ್ಕೆ ಹೋದದ್ದು. 1792-93ರ ಸುಮಾರಿಗೆ ಅವನು ದೇಹದ ಮೇಲರ್ಧವನ್ನು ಮಾತ್ರ ಹಾಳೆಯ ತುಂಬ ಬರೆಯತೊಡಗಿದನು. ಹಿಂದಿನ ದೃಶ್ಯವನ್ನೆಲ್ಲ ತೆಗೆದುಹಾಕಿ ಆ ಜಾಗಕ್ಕೆ ಕಾಗೆಬಂಗಾರದ ಪುಡಿ ಬೆರೆಸಿದ ಬೆಳ್ಳಿಯಂತಹ ಹೊಳಪನ್ನು ಹಚ್ಚಿಸಿದನು. ಹೆಣ್ಣಿನ ಮುಖಲಕ್ಷಣಗಳ ಹತ್ತು ಬಗೆಗಳನ್ನು ತೋರಿಸುವೆನೆಂದು ಹೊರಟ ಮಾಲೆಯೊಂದರಲ್ಲಿ ‘ಮುಖಲಕ್ಷಣ ಬಲ್ಲ ಉತಾಮಾರೊ’ ಎಂದೇ ರುಜು ಹಾಕಿದನು. ಸಾಮುದ್ರಿಕ ಬಲ್ಲವನಂತೆ ಹೇಳಿಕೊಂಡ ಆ ಜಂಭವನ್ನು ಕ್ಷಮಿಸೋಣ. ನೋಡುವ ಕಣ್ಣಂತೂ ಅವನಿಗಿದ್ದಿತು.

ಇದಕ್ಕೆ ನಿದರ್ಶನವಾಗಿ ‘ಈ ಕಾಲದ ಮೂವರು ಸುಂದರಿಯರು’ ಎಂಬ 1793ರ ಸುಮಾರಿನ ಹಾಳೆಯನ್ನು ತೆಗೆದುಕೊಳ್ಳಬಹುದು. ಮೂರು ತಲೆಗಳು ತ್ರಿಕೋಣಾಕಾರವಾಗಿ ನಿಂತಿವೆ. ನಡುವೆ ಮೇಲಿರುವವಳು ಯೋಶಿವಾರದ ಗಾಯಕಿ ತೊಮಿಮೊತೊ ತೊಯೊಹಿನ. ಕೆಳಗೆ ಬಲಕ್ಕೆ ಅಸಾಕುಸ ದೇವಾಲಯದ ಬಳಿ ಚಹದಂಗಡಿಯಲ್ಲಿ ಚಹ ಕೊಡುತ್ತಿದ್ದ ನಾನಿವಾಯ ಮನೆಯ ಒಕಿತ. ಎಡಕ್ಕೆ ಸುಟ್ಟ ಅಕ್ಕಿಬಿಲ್ಲೆಗಳನ್ನು ಮಾರುವ ವರ್ತಕನ ಮಗಳು, ತಕಾಶಿಮ ಮನೆಯ ಒಹಿಸ. ಕಿರಿಯರಿಬ್ಬರಿಗೂ ಆಗ ಹದಿನಾರು, ಹದಿನೇಳರ ಪ್ರಾಯ. ಮೊದಲ ನೋಟಕ್ಕೆ ಮೂರೂ ಒಂದೇ ಮುಖ. ಕೈಬೆರಳಿನಿಂದ ಒಂದೊಂದು ಮುಖವನ್ನು ಮುಚ್ಚಿಕೊಂಡು ನೋಡಿದರೆ ಭೇದ ತೋರತೊಡಗುತ್ತದೆ. ಒಬ್ಬಳ ಮೂಗಿನ ಗೆರೆ ನೇರ, ಇನ್ನೊಬ್ಬಳದು ನಡುವೆ ಕೊಂಚ ಉಬ್ಬಿದೆ. ಒಬ್ಬಳ ಕೆನ್ನೆ ತುಂಬಿದೆ. ಕಣ್ಣಿನ ಹೊರತುದಿ ಏರುವ ಬಗೆ ಮೂವರಲ್ಲೂ ಬೇರೆ. ರೂಢಿಯ ಮುಖವೊಂದನ್ನು ಒಪ್ಪಿಕೊಂಡು, ಅದರೊಳಗೆ ಕೂದಲೆಳೆಯಷ್ಟು ಸರಿದು ಮೂವರು ಬೇರೆಬೇರೆ ಹುಡುಗಿಯರನ್ನು ಹೇಳುವುದು ಹುಡುಗಾಟವಲ್ಲ. ಒಂದು ರಾಗದ ಕಟ್ಟಿನೊಳಗೇ ಇದ್ದು ಒಬ್ಬ ಗಾಯಕನ ಧ್ವನಿ ಇನ್ನೊಬ್ಬನದಕ್ಕಿಂತ ಬೇರೆಯಾಗುವುದಿಲ್ಲವೆ? ಅದರಂತೆ.

ಈ ಹಾಳೆಯ ಎರಡು ಮುದ್ರಣಗಳು ಉಳಿದುಬಂದಿವೆ. ಮೊದಲಿನದರಲ್ಲಿ ಶೀರ್ಷಿಕೆಯೂ ಮೂವರ ಹೆಸರುಗಳೂ ಇವೆ. ಎರಡನೆಯದರಲ್ಲಿ ಆ ಜಾಗ ಬರಿದು.

ಹೆಸರುಗಳು ಎಲ್ಲಿ ಹೋದವು? ಆ ವರ್ಷಗಳಲ್ಲಿ ಜಪಾನಿನ ಆಡಳಿತಸೂತ್ರ ಹಿಡಿದಿದ್ದ ಮತ್ಸುದಾಯಿರ ಸದಾನೊಬು ಎಂಬ ಮಂತ್ರಿಯು 1787ರಿಂದ ಮಿತವ್ಯಯ ಮತ್ತು ಸದಾಚಾರದ ಹೆಸರಿನಲ್ಲಿ ಕಟ್ಟುನಿಟ್ಟಿನ ಸುಧಾರಣೆಗಳನ್ನು ತಂದಿದ್ದನು. 1790ರಿಂದ ಪ್ರತಿಯೊಂದು ಅಚ್ಚುಚಿತ್ರಕ್ಕೂ ಪರಿಶೀಲನೆಯ ಮುದ್ರೆ ಬೀಳಬೇಕಾಯಿತು. 1791ರಲ್ಲಿ ನಿಷಿದ್ಧ ಕಥೆಗಳನ್ನು ಅಚ್ಚು ಹಾಕಿದ್ದಕ್ಕಾಗಿ ತ್ಸುತಾಯನ ಅರ್ಧ ಆಸ್ತಿ ಸರ್ಕಾರದ ಪಾಲಾಯಿತು. 1793ರಲ್ಲಿ ಮತ್ತೊಂದು ಆಜ್ಞೆ: ಅನುಮತಿ ಪಡೆದ ವೇಶ್ಯೆಯರನ್ನು ಬಿಟ್ಟು ಬೇರೆ ಯಾವ ಸ್ತ್ರೀಯ ಹೆಸರನ್ನೂ ಚಿತ್ರದ ಮೇಲೆ ಹಾಕಕೂಡದು.

ಈ ಆಜ್ಞೆಯ ಪರಿಣಾಮವನ್ನು ವಾಚಕರು ನಿಧಾನವಾಗಿ ಯೋಚಿಸಬೇಕು. ಮನೆತನದ ಹೆಣ್ಣುಮಕ್ಕಳ ಮಾನ ಕಾಯುವುದಕ್ಕೆಂದು ಹೊರಟ ನಿಯಮದಂತೆ ಇದು ಕಾಣುತ್ತದೆ. ಆದರೆ ಯೋಶಿವಾರದ ಹೆಣ್ಣಿನ ಹೆಸರು ಎಂಬುದು ಏನು? ಹಳ್ಳಿಯಿಂದ ತಂದ ಹುಡುಗಿಯ ಹುಟ್ಟುಹೆಸರನ್ನು ದ್ವಾರದ ಹೊರಗೇ ಬಿಡಿಸಿ ವೃತ್ತಿಗೊಂದು ಹೆಸರನ್ನು ಕೊಡುತ್ತಿದ್ದರು. ಪ್ರಸಿದ್ಧವಾದ ಹೆಸರುಗಳು ಮನೆಯ ಸ್ವತ್ತು. ಓಗಿಯ ಎಂಬ ಮನೆಯ ‘ಹನಾಓಗಿ’ ಎಂಬ ಹೆಸರನ್ನು ಒಬ್ಬಳಾದ ಮೇಲೆ ಒಬ್ಬಳಂತೆ ಹಲವರು ಹೊತ್ತರು. ಉತಾಮಾರೊನ ಹಾಳೆಯಲ್ಲಿರುವ ಹನಾಓಗಿ ಆ ಸರಣಿಯ ಒಬ್ಬಳು ಮಾತ್ರ. ಅಂಗಡಿಯ ಫಲಕ ಹೇಗೋ ಹಾಗೆ ಆ ಹೆಸರು. ಒಡೆಯ ಬದಲಾದರೂ ಫಲಕ ಅದೇ. ಹೀಗಾಗಿ, ತನ್ನದೇ ಹೆಸರಿದ್ದ ಒಕಿತಳ ಹೆಸರು ಚಿತ್ರದಿಂದ ಅಳಿಯಿತು. ಯಾರ ಹೆಸರು ಆಕೆಯದಲ್ಲವೋ ಆಕೆಯ ಹೆಸರು ಉಳಿಯಿತು. ಸದಾಚಾರದ ಆಜ್ಞೆಯೊಂದು ವ್ಯಾಪಾರದ ಫಲಕಕ್ಕೆ ಮಾತ್ರ ರಿಯಾಯಿತಿ ತೋರಿತು.

ಉತಾಮಾರೊ ಮತ್ತು ಅವನ ಪ್ರಕಾಶಕರು ಸುಮ್ಮನಿರಲಿಲ್ಲ. 1795-96ರ ಸುಮಾರಿಗೆ ಹೊರಟ ಚಿತ್ರಮಾಲೆಯೊಂದರಲ್ಲಿ ಮೂಲೆಯ ಚೌಕದೊಳಗೆ ಒಗಟಿನ ಚಿತ್ರಗಳು ಕಾಣಿಸಿಕೊಂಡವು. ಒಂದರಲ್ಲಿ ಎರಡು ಕಟ್ಟು ಸೊಪ್ಪು, ಒಂದು ಬಾಣ, ದೂರದ ಕಡಲು, ಒಂದು ಗದ್ದೆ. ಜಪಾನೀ ಭಾಷೆಯಲ್ಲಿ ಸೊಪ್ಪು ‘ನ’, ಎರಡು ಕಟ್ಟು ‘ನಿ-ವ’, ಬಾಣ ‘ಯ’, ದಡದಿಂದ ದೂರದ ಕಡಲು ‘ಒಕಿ’, ಗದ್ದೆ ‘ತ’. ಕೂಡಿಸಿ ಓದಿದರೆ ‘ನಾನಿವಾಯ ಒಕಿತ’. ಹೆಸರನ್ನು ಬರೆಯಕೂಡದೆಂದಿರಲ್ಲ, ಇಗೋ ಸೊಪ್ಪನ್ನು ಬರೆದಿದ್ದೇವೆ! ಎಡೊದ ಅಂಗಡಿಬೀದಿಯ ಮಕ್ಕಳೂ ಬಿಡಿಸಬಹುದಾದ ಒಗಟು. ಅಧಿಕಾರಿಗಳಿಗೂ ಬೇಗನೆ ಅರ್ಥವಾಯಿತು. 1796ರಲ್ಲಿ ಒಗಟುಚಿತ್ರಗಳೂ ನಿಷಿದ್ಧವಾದವು. 1800ರಲ್ಲಿ ತಲೆಯನ್ನು ದೊಡ್ಡದಾಗಿ ಬರೆಯುವ ಆ ಕ್ರಮಕ್ಕೇ ತಡೆ ಬಿದ್ದಿತು. ಮೊದಲು ಹೆಸರು, ನಂತರ ಹೆಸರಿನ ಸೂಚನೆ, ಕೊನೆಗೆ ಹತ್ತಿರದಿಂದ ಮುಖ ನೋಡುವ ಅವಕಾಶ. ಇದರಲ್ಲಿ ಮಾರಾಟದ ಜಾಣತನವೂ ಇದ್ದಿತೆಂಬುದು ನಿಜ. ಒಕಿತಳ ಚಿತ್ರ ಬಿಕರಿಯಾದಷ್ಟೂ ಆಕೆಯ ಚಹದಂಗಡಿಯ ಮುಂದೆ ಜನ ಸೇರುತ್ತಿದ್ದರು. ಆದರೂ ಒಬ್ಬ ಹುಡುಗಿಯನ್ನು ಆಕೆಯದೇ ಹೆಸರಿನಿಂದ ಕರೆಯುವುದಕ್ಕಾಗಿ ಇಷ್ಟು ಹಟ ಹಿಡಿದ ಚಿತ್ರಕಾರರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ.

ಯೋಶಿವಾರದ ಹೆಣ್ಣುಗಳ ವಿಷಯದಲ್ಲಿ ಹೆಸರಿನ ದಾರಿ ಹೀಗೆ ಮುಚ್ಚಿಹೋಗಿದ್ದಿತಷ್ಟೆ. ಅಲ್ಲಿ ಅವನು ಹಿಡಿದ ದಾರಿ ಬೇರೆ. ಸುಮಾರು 1794ರಲ್ಲಿ ಅವನು ರಚಿಸಿದ, ಯೋಶಿವಾರದ ಹನ್ನೆರಡು ಹೊತ್ತುಗಳ ಮಾಲೆಯೊಂದಿದೆ. ಆಗಿನ ಜಪಾನಿನಲ್ಲಿ ಹಗಲು-ರಾತ್ರಿಗಳನ್ನು ಹನ್ನೆರಡು ಭಾಗ ಮಾಡಿ ಪ್ರತಿಯೊಂದಕ್ಕೂ ಒಂದು ಪ್ರಾಣಿಯ ಹೆಸರಿಡುತ್ತಿದ್ದರು. ಎತ್ತಿನ ಹೊತ್ತು ಎಂದರೆ ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರು. ಆ ಹೊತ್ತಿನ ಹಾಳೆಯಲ್ಲಿ ಒಬ್ಬಳು ಹಾಸಿಗೆಯಿಂದೆದ್ದು ಹೊರಬಂದಿದ್ದಾಳೆ. ಒಂದು ಕೈಯಲ್ಲಿ ಬೆಳಕಿಗೆಂದು ಉರಿಯುವ ಸಣ್ಣ ಕಡ್ಡಿ, ಇನ್ನೊಂದರಲ್ಲಿ ಮಡಿಸಿದ ಕಾಗದ. ಕಣ್ಣು ಇನ್ನೂ ಪೂರ್ಣ ತೆರೆದಿಲ್ಲ. ಪಾದವು ನೆಲದ ಮೇಲಿನ ಪಾದರಕ್ಷೆಯನ್ನು ತಡವಿ ಹುಡುಕುತ್ತಿದೆ. ಉಡುಪು ಭುಜದಿಂದ ಸಡಿಲಿದೆ, ಆದರೆ ಅದು ಯಾರನ್ನೋ ಸೆಳೆಯುವುದಕ್ಕಾಗಿ ಸಡಿಲಿದ್ದಲ್ಲ. ನಿದ್ದೆಗಣ್ಣಿನಲ್ಲಿ ಎದ್ದವರ ಬಟ್ಟೆ ಹಾಗಿರುತ್ತದೆ. ಕೊಂಡವನು ಒಳಗೆ ಮಲಗಿರಬಹುದು. ಚಿತ್ರದಲ್ಲಿ ಅವನಿಲ್ಲ. ಆ ಎರಡು ನಿಮಿಷ ಆಕೆ ಯಾರ ಎದುರಿಗೂ ಇಲ್ಲ.

ಉತಾಮಾರೊನ ಶ್ರೇಷ್ಠತೆ ಇರುವುದು ಇಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ತ್ರೀಯು ಪರರ ನೋಟಕ್ಕೆ ಒಪ್ಪಿಸಿಕೊಳ್ಳದ ಕ್ಷಣವನ್ನು ಅವನು ಹುಡುಕಿ ಹುಡುಕಿ ಹಿಡಿಯುತ್ತಾನೆ. ಎರಡು ಕನ್ನಡಿಗಳ ನಡುವೆ ತನ್ನ ತುರುಬಿನ ಹಿಂಭಾಗವನ್ನು ಪರೀಕ್ಷಿಸಿಕೊಳ್ಳುವ ಒಹಿಸ; ಹೊಲಿಗೆಗೆ ಕುಳಿತು ತೆಳುಬಟ್ಟೆಯನ್ನು ಬೆಳಕಿಗೆ ಎತ್ತಿಹಿಡಿದಿರುವ ಗೃಹಿಣಿ; ಹರಿವ ಬೆವರನ್ನು ಒರೆಸಿಕೊಳ್ಳುವವಳು; ಇವರು ಯಾರೂ ನಮ್ಮನ್ನು ನೋಡುವುದಿಲ್ಲ. ಪ್ರೇಮದ ಭಾವಗಳನ್ನು ಕುರಿತ ಮಾಲೆಯೊಂದರಲ್ಲಿ, ಹುಬ್ಬು ಬೋಳಿಸಿದ, ಎಂದರೆ ವಿವಾಹಿತೆಯಾದ ಸ್ತ್ರೀಯೊಬ್ಬಳು ಕೆನ್ನೆಗೆ ಕೈಯೂರಿ ಏನನ್ನೋ ನೆನೆಯುತ್ತಿದ್ದಾಳೆ. ಬಣ್ಣದ ವೈಭವವಿಲ್ಲ, ಆಭರಣವಿಲ್ಲ. ಏನನ್ನು ನೆನೆಯುತ್ತಿದ್ದಾಳೆಂದು ಚಿತ್ರ ಹೇಳುವುದಿಲ್ಲ. ಕೆದರಿದ ಕೂದಲಿನ ಯಮಊಬ ಎಂಬ ಬೆಟ್ಟದ ಹೆಂಗಸು ಮಗು ಕಿಂತಾರೊನಿಗೆ ಹಾಲೂಡುವ ಚಿತ್ರಗಳೂ ಈ ಸಾಲಿಗೆ ಸೇರುತ್ತವೆ. 1890ರಲ್ಲಿ ಪ್ಯಾರಿಸ್ಸಿನಲ್ಲಿ ಜಪಾನೀ ಅಚ್ಚುಚಿತ್ರಗಳ ದೊಡ್ಡ ಪ್ರದರ್ಶನ ನಡೆದಾಗ ಅದನ್ನು ಕಂಡ ಅಮೆರಿಕದ ಕಲಾವಿದೆ ಮೇರಿ ಕಸ್ಸಟ್, ಮರುವರ್ಷವೇ ಮಗುವನ್ನು ಮೀಯಿಸುವ ತಾಯಿಯ, ಕಾಗದ ಬರೆದು ಲಕೋಟೆ ಮುಚ್ಚುವ ಹೆಂಗಸಿನ ವರ್ಣಮುದ್ರಣಗಳನ್ನು ಮಾಡಿದಳು. ಅದೇ ಹೊತ್ತಿಗೆ ಎದ್ಮೊಂ ದ ಗೊಂಕೂರ್ ಎಂಬ ಫ್ರೆಂಚ್ ಲೇಖಕ 1891ರ ತನ್ನ ಪುಸ್ತಕದಲ್ಲಿ ಉತಾಮಾರೊನನ್ನು ವೇಶ್ಯಾಗೃಹಗಳ ಚಿತ್ರಕಾರನೆಂದೇ ಶೀರ್ಷಿಕೆಯಲ್ಲಿ ಪರಿಚಯಿಸಿದನು. ಇಬ್ಬರಲ್ಲಿ ಉತಾಮಾರೊನನ್ನು ಸರಿಯಾಗಿ ಓದಿದವಳು ಕಸ್ಸಟ್ ಎಂದು ಹೇಳದೆ ವಿಧಿಯಿಲ್ಲ.

ಅವನ ದೋಷಗಳನ್ನೂ ಹೇಳಬೇಕು. ಬೇಡಿಕೆ ಹೆಚ್ಚಿದ ಕೊನೆಯ ವರ್ಷಗಳಲ್ಲಿ ಅವನ ಸ್ತ್ರೀಯರ ಕೊರಳು ಬೆಳೆಯುತ್ತ ಹೋಯಿತು, ತಲೆಗೂದಲ ಕಟ್ಟು ಹಿಗ್ಗಿತು, ಮುಖದೊಳಗಿನ ಆ ಕೂದಲೆಳೆಯ ಭೇದ ಮಾಯವಾಯಿತು. ಅಂತಹ ಹಾಳೆಗಳು ಸಂಗ್ರಹಾಲಯಗಳಲ್ಲಿ ಲೆಕ್ಕವಿಲ್ಲದಷ್ಟಿವೆ, ನೋಡಿ ಮುಂದೆ ಸಾಗಬಹುದು. ಹೆಚ್ಚು ಗಂಭೀರವಾದುದು ಇನ್ನೊಂದು. ಹನ್ನೆರಡು ಹೊತ್ತುಗಳಲ್ಲಿ ಒಂದರಲ್ಲಿಯೂ ಕಂದಕ ಕಾಣುವುದಿಲ್ಲ. ರೋಗವಿಲ್ಲ, ಲೆಕ್ಕದ ಪುಸ್ತಕವಿಲ್ಲ. ಆಯಾಸದವರೆಗೆ ಅವನು ಬರುತ್ತಾನೆ, ಆಯಾಸದ ಕಾರಣದವರೆಗೆ ಬರುವುದಿಲ್ಲ. ಯೋಶಿವಾರದ ದ್ವಾರದಲ್ಲಿ ಅಂಗಡಿಯಿಟ್ಟವನ ಹಣದಿಂದ ಅಚ್ಚಾಗುವ ಚಿತ್ರ ಅಲ್ಲಿಯವರೆಗೆ ಬರಲಾರದು.

ಈ ಮೌನ ನಮ್ಮ ಕಾಲಕ್ಕೂ ಇಳಿದುಬಂದಿದೆ. 2024ರ ವಸಂತದಲ್ಲಿ ಟೋಕಿಯೋದ ಕಲಾ ವಿಶ್ವವಿದ್ಯಾಲಯದ ಸಂಗ್ರಹಾಲಯವು ಯೋಶಿವಾರವನ್ನು ಕುರಿತು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಅದರ ಪ್ರಚಾರದ ಧಾಟಿಯು ಆ ಕೇರಿಯನ್ನು ಬರಿಯ ಸಂಭ್ರಮದ ತಾಣದಂತೆ ಬಿಂಬಿಸುತ್ತದೆಂದು ಜಪಾನಿನಲ್ಲೇ ತೀವ್ರ ಟೀಕೆ ಎದ್ದಿತು. ಸ್ತ್ರೀಯರ ಶೋಷಣೆಯನ್ನು ಮರೆಯುವಂತಿಲ್ಲವೆಂಬ ಮಾತನ್ನು ಏರ್ಪಾಡುಗಾರರು ಸ್ಪಷ್ಟಪಡಿಸಬೇಕಾಯಿತು. ಆ ಟೀಕೆ ನ್ಯಾಯವಾದದ್ದು. ಚಿತ್ರಗಳನ್ನು ಮುಚ್ಚಿಡಬೇಕೆಂದು ಟೀಕಾಕಾರರು ಕೇಳಲಿಲ್ಲ, ಚಿತ್ರದ ಪಕ್ಕದಲ್ಲಿ ಕಂದಕವನ್ನೂ ತೋರಿಸಿರೆಂದು ಕೇಳಿದರು.

ಉತಾಮಾರೊನ ಅಂತ್ಯವೂ ರಾಜಾಜ್ಞೆಯಿಂದಲೇ ಕದಡಿತು, ಆದರೆ ಸ್ತ್ರೀಚಿತ್ರದ ಕಾರಣದಿಂದ ಅಲ್ಲ. ಎರಡು ಶತಮಾನಗಳ ಹಿಂದಿನ ಸೇನಾಧಿಪತಿ ಹಿದೆಯೋಶಿಯನ್ನು ಅವನ ಪತ್ನಿಯರೊಡನೆ ಚಿತ್ರಿಸಿದ್ದಕ್ಕಾಗಿ 1804ರಲ್ಲಿ ಅವನಿಗೆ ಐವತ್ತು ದಿನ ಕೈಕೋಳ ತೊಡಿಸಲಾಯಿತು. ಎರಡು ವರ್ಷಗಳಲ್ಲಿ ಅವನು ತೀರಿಕೊಂಡನು.

ಈ ಚಿತ್ರಗಳನ್ನು ನೋಡಬಯಸುವ ವಾಚಕರಿಗೆ ಒಂದು ಸೂಚನೆ. ನಾವು ಪುಸ್ತಕಗಳಲ್ಲಿ ಕಾಣುವ ಕಂದು, ಮಾಸಲು ಹಳದಿ ಉಡುಪುಗಳು ಹಲವೆಡೆ ಮೂಲದಲ್ಲಿ ನೇರಳೆ ಬಣ್ಣದವು. ಒಂದು ಬಗೆಯ ಹೂವಿನ ರಸದಿಂದ ತೆಗೆದ ನೀಲಿಯು ಬೆಳಕು ತಾಗಿ ಹಾರಿಹೋಗಿ ಹೀಗಾಗಿದೆ. ಸ್ಪಾಲ್ಡಿಂಗ್ ಸೋದರರು 1921ರಲ್ಲಿ ಆರು ಸಾವಿರಕ್ಕೂ ಮಿಕ್ಕ ಹಾಳೆಗಳನ್ನು ಬಾಸ್ಟನ್ನಿನ ಕಲಾಸಂಗ್ರಹಾಲಯಕ್ಕೆ ದಾನ ಕೊಡುವಾಗ ಇವನ್ನು ಎಂದೂ ಗೋಡೆಗೆ ತೂಗುಹಾಕಕೂಡದೆಂಬ ಷರತ್ತು ಹಾಕಿದ್ದರು. ಅದರಿಂದ ಅಲ್ಲಿಯ ನೇರಳೆ ಇನ್ನೂ ನೇರಳೆಯಾಗಿಯೇ ಇದೆ. ಆ ಸಂಗ್ರಹದ ಛಾಯಾಪ್ರತಿಗಳನ್ನು ಈಗ ಗಣಕಯಂತ್ರದಲ್ಲಿ ಯಾರು ಬೇಕಾದರೂ ನೋಡಬಹುದು. ‘ಮೂವರು ಸುಂದರಿಯರು’ ಕಣ್ಣಿಗೆ ಬಿದ್ದಾಗ, ಹೆಸರಿಲ್ಲದ ಮುದ್ರಣವೇ ಆಗಿದ್ದರೂ ತಾವು ಉಡುಪಿನ ಮೇಲಿನ ಲಾಂಛನಗಳನ್ನು ಗಮನಿಸಿರಿ. ಬಲಗಡೆಯ ಹುಡುಗಿಗೆ ಕಿರಿ ಮರದ ಎಲೆ-ಹೂವು, ಎಡಗಡೆಯವಳಿಗೆ ಓಕ್ ಮರದ ಮೂರೆಲೆ. ಎಡೊದ ಜನ ಅವುಗಳಿಂದಲೇ ಒಕಿತ, ಒಹಿಸರನ್ನು ಗುರುತಿಸುತ್ತಿದ್ದರು. ಹೆಸರಿನ ಜಾಗ ಬರಿದಾದ ಮೇಲೂ ಈ ಎಲೆಗಳು ಹಾಳೆಯ ಮೇಲೆ ಹಾಗೆಯೇ ಇವೆ.